ಸ್ಪೀಡುಯಿನೊ ಮತ್ತು ಟ್ಯೂನರ್‌ಸ್ಟುಡಿಯೊ: ಇಂಜೆಕ್ಟರ್ ಲೆಕ್ಕದಲ್ಲಿ ಎಷ್ಟರ ಮಟ್ಟಿಗೆ ನಂಬಬಹುದು?

ಸ್ಪೀಡುಯಿನೊ ಎಂಬುದು ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ಓಡುವ ಇಂಜಿನ್ ಕಂಪ್ಯೂಟರ್ (ಇಸಿಯು). ಆಸ್ಟ್ರೇಲಿಯಾದ ಜೋಶ್ ಸ್ಟುವರ್ಟ್ ಆರಂಭಿಸಿದ ಈ ಯೋಜನೆಯ ಸರ್ಕ್ಯೂಟ್ ನಕ್ಷೆಯಿಂದ ಹಿಡಿದು ಪ್ರೋಗ್ರಾಮಿನ ಕೊನೆಯ ಸಾಲಿನವರೆಗೆ ಎಲ್ಲವೂ ಮುಕ್ತವಾಗಿ ಸಿಗುತ್ತದೆ. ಅದನ್ನು ಲ್ಯಾಪ್‌ಟಾಪಿನಿಂದ ಸೆಟ್ ಮಾಡಲು ಬಳಸುವ ತಂತ್ರಾಂಶ ಟ್ಯೂನರ್‌ಸ್ಟುಡಿಯೊ. ಇದು ಮೆಗಾಸ್ಕ್ವರ್ಟ್ ಎಂಬ ಇನ್ನೊಂದು ಇಸಿಯು ಬಳಸುವವರಿಗೆ ಹಳೆಯ ಪರಿಚಯ. ಈ ಜೋಡಿಯ ಬಗ್ಗೆ ಹೇಳಲು ಬಹಳಷ್ಟಿದೆ, ಆದರೆ ಈ ವಿಮರ್ಶೆಯನ್ನು ನಾನು ಇಂಜೆಕ್ಟರುಗಳ, ಅಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮುವ ಕವಾಟಗಳ, ಕ್ಯಾಲಿಬ್ರೇಶನ್ನಿಗೆ ಮಾತ್ರ ಸೀಮಿತಗೊಳಿಸಿದ್ದೇನೆ. ಕಾರಣ ಸರಳ: ಇಗ್ನಿಷನ್, ಐಡಲ್ ವಾಲ್ವ್, ಕೋಲ್ಡ್ ಸ್ಟಾರ್ಟ್ ಎಲ್ಲವನ್ನೂ ನಿಧಾನವಾಗಿ ತಿದ್ದಿಕೊಳ್ಳಬಹುದು, ಇಂಜೆಕ್ಟರಿನ ಅಂಕಿ ತಪ್ಪಿದ್ದರೆ ಉಳಿದ ಪ್ರತಿಯೊಂದು ಟೇಬಲೂ ಅದರ ಮೇಲೆಯೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಳೆದು ತಂದ ಅಂಕಿಗಳನ್ನು ಕೊಟ್ಟರೆ ಈ ಜೋಡಿ ಅದರ ಬೆಲೆಗೆ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಊಹೆಯ ಅಂಕಿಗಳನ್ನು ಕೊಟ್ಟರೂ ಇಂಜಿನ್ ಓಡುತ್ತದೆ, ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಮತ್ತು ಟೇಬಲನ್ನು ತಾನೇ ತಿದ್ದುವ ಆಟೊಟ್ಯೂನ್ ಸೌಲಭ್ಯವು ಆ ಊಹೆಯ ದೋಷವನ್ನು ವಿಇ ಟೇಬಲಿನೊಳಗೆ (ಯಾವ ವೇಗ, ಯಾವ ಲೋಡಿನಲ್ಲಿ ಸಿಲಿಂಡರು ಶೇಕಡಾ ಎಷ್ಟು ತುಂಬುತ್ತದೆ ಎಂಬ ಕೋಷ್ಟಕ) ನಿಮ್ಮ ಕಣ್ಣಿಗೆ ಬೀಳದಂತೆ ಹೂತುಹಾಕುತ್ತದೆ. ಇದನ್ನು ಕೊಳ್ಳುವವರು ತಿಳಿದಿರಬೇಕಾದ ಅತಿ ಮುಖ್ಯ ಸಂಗತಿ ಇದೇ.

ನನ್ನ ಕೈಯಲ್ಲಿದ್ದದ್ದು 1298 ಸಿಸಿ, ನಾಲ್ಕು ಸಿಲಿಂಡರಿನ ಹಳೆಯ ಮಾರುತಿ ಎಸ್ಟೀಮ್. ಟ್ರ್ಯಾಕಿಗೆ ಮಾತ್ರ ಇಳಿಯುವ ಕಾರು. (ರಸ್ತೆಗೆ ಇಳಿಯುವ ವಾಹನದಲ್ಲಿ ಇಂಥ ಮಾರ್ಪಾಡು ಮಾಡುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.) ಅದಕ್ಕೆ ಹಾಕಿದ ಇಂಜೆಕ್ಟರುಗಳು ಬೇರೊಂದು ಕಾರಿನಿಂದ ತೆಗೆದವು. ಕಾಯಿಲ್ ರೆಸಿಸ್ಟನ್ಸ್ 12 ಓಮ್ ಆಸುಪಾಸು ಇದ್ದುದರಿಂದ ಸ್ಪೀಡುಯಿನೊ ಬೋರ್ಡಿಗೆ ನೇರವಾಗಿ ಜೋಡಿಸಲು ಅಡ್ಡಿಯಿರಲಿಲ್ಲ; ಎರಡು ಮೂರು ಓಮ್‌ನ ಹಳೆಯ ಮಾದರಿಗಳಾಗಿದ್ದರೆ ಸರಣಿಯಲ್ಲಿ ರೆಸಿಸ್ಟರ್ ಹಾಕದೆ ಜೋಡಿಸುವಂತಿಲ್ಲ. ಮೈಮೇಲಿನ ನಂಬರು ಅಳಿಸಿಹೋಗಿತ್ತು, ಡೇಟಾಶೀಟ್ ಸಿಗುವ ಮಾತೇ ಇರಲಿಲ್ಲ. ನಮ್ಮಲ್ಲಿ ಬಹಳ ಮಂದಿಯ ಪರಿಸ್ಥಿತಿ ಇದೇ ಆಗಿರುತ್ತದೆ ಎಂಬ ಕಾರಣಕ್ಕೆ ಈ ಸೆಟ್ಟನ್ನೇ ಆರಿಸಿಕೊಂಡೆ.

ಸ್ಪೀಡುಯಿನೊ ಪೆಟ್ರೋಲಿನ ಲೆಕ್ಕ ಹಾಕುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಟ್ಯೂನರ್‌ಸ್ಟುಡಿಯೊದಲ್ಲಿ ‘ರಿಕ್ವೈರ್ಡ್ ಫ್ಯೂಯಲ್’ ಎಂಬ ಕ್ಯಾಲ್ಕ್ಯುಲೇಟರ್ ಇದೆ. ಇಂಜಿನ್ನಿನ ಸಿಸಿ, ಸಿಲಿಂಡರುಗಳ ಸಂಖ್ಯೆ, ಇಂಜೆಕ್ಟರಿನ ಫ್ಲೋ ಮತ್ತು ಗಾಳಿ-ಇಂಧನದ ಅನುಪಾತ, ಈ ನಾಲ್ಕನ್ನು ಕೊಟ್ಟರೆ ಸಿಲಿಂಡರು ಪೂರ್ತಿ ತುಂಬಿದಾಗ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಅದು ಹೇಳುತ್ತದೆ. ನಿಮಿಷಕ್ಕೆ 240 ಸಿಸಿ ಹರಿಸುವ ಇಂಜೆಕ್ಟರಿಗೆ, 14.7ರ ಅನುಪಾತಕ್ಕೆ, ನನ್ನ ಇಂಜಿನ್ನಿನಲ್ಲಿ ಈ ಅಂಕಿ ಹತ್ತಿರಹತ್ತಿರ 9 ಮಿಲಿಸೆಕೆಂಡು. ಓಡುವಾಗ ಇಸಿಯು ಇದನ್ನು ವಿಇ ಟೇಬಲಿನ ಶೇಕಡಾವಾರಿನಿಂದ, ಮ್ಯಾನಿಫೋಲ್ಡ್ ಒತ್ತಡದಿಂದ, ಗಾಳಿಯ ಉಷ್ಣತೆ ಮುಂತಾದ ತಿದ್ದುಪಡಿಗಳಿಂದ ಗುಣಿಸಿ, ಕೊನೆಯಲ್ಲಿ ಇಂಜೆಕ್ಟರ್ ತೆರೆದುಕೊಳ್ಳಲು ಹಿಡಿಯುವ ಸಮಯವನ್ನು ಕೂಡಿಸುತ್ತದೆ. ಈ ಕೊನೆಯ ತುಣುಕನ್ನೇ ಟ್ಯೂನರುಗಳು ಡೆಡ್ ಟೈಮ್ ಎನ್ನುತ್ತಾರೆ. ಕರೆಂಟು ಹರಿದ ಮೇಲೂ ಸೂಜಿ ಮೇಲೇಳಲು ಸಮಯ ಬೇಕು, ಕರೆಂಟು ನಿಂತ ಮೇಲೂ ಅದು ಕೂರಲು ಸ್ವಲ್ಪ ಸಮಯ ಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿಯುವ, ಇಂಧನ ಹರಿಯದ ಅವಧಿಯೇ ಈ ಡೆಡ್ ಟೈಮ್.

ಇಲ್ಲಿ ಗಮನಿಸಬೇಕಾದದ್ದು, ಫ್ಲೋ ಅಂಕಿಯ ತಪ್ಪು ಗುಣಾಕಾರದಲ್ಲಿ ಬರುತ್ತದೆ, ಡೆಡ್ ಟೈಮಿನ ತಪ್ಪು ಸಂಕಲನದಲ್ಲಿ ಬರುತ್ತದೆ. ಫ್ಲೋ ಶೇಕಡಾ 5 ತಪ್ಪಿದ್ದರೆ ವಿಇ ಟೇಬಲ್ ಒಟ್ಟಾರೆಯಾಗಿ ಶೇಕಡಾ 5 ಏರಿಯೋ ಇಳಿದೋ ಕೂರುತ್ತದೆ, ನಷ್ಟವೇನೂ ದೊಡ್ಡದಲ್ಲ. ಡೆಡ್ ಟೈಮ್ 0.2 ಮಿಲಿಸೆಕೆಂಡು ತಪ್ಪಿದ್ದರೆ ಫುಲ್ ಥ್ರಾಟಲಿನಲ್ಲಿ, ಪಲ್ಸ್ (ಇಂಜೆಕ್ಟರಿಗೆ ಒಮ್ಮೆ ಕರೆಂಟು ಕೊಡುವ ಅವಧಿ) ಒಂಬತ್ತು ಹತ್ತು ಮಿಲಿಸೆಕೆಂಡು ಇರುವಲ್ಲಿ, ಅದು ಗಮನಕ್ಕೇ ಬರುವುದಿಲ್ಲ. ಐಡ್ಲಿಂಗಿನಲ್ಲಿ ನನ್ನ ಇಂಜಿನ್ನಿಗೆ ಒಂದು ಚಕ್ರಕ್ಕೆ (ಇಂಜಿನ್ನಿನ ಎರಡು ಸುತ್ತಿಗೆ) ನಿಜವಾಗಿ ಬೇಕಾಗುವ ಹರಿವಿನ ಅವಧಿಯೇ ಸುಮಾರು 1.7 ಮಿಲಿಸೆಕೆಂಡು, ಅಲ್ಲಿ ಅದೇ 0.2 ಎಂದರೆ ಶೇಕಡಾ 12ರ ಹತ್ತಿರದ ತಪ್ಪು. ಅದೂ ಚಕ್ರಕ್ಕೆ ಒಮ್ಮೆ ಮಾತ್ರ ಇಂಧನ ಚಿಮ್ಮುವ ಸೀಕ್ವೆನ್ಷಿಯಲ್ ಕ್ರಮದಲ್ಲಿ. ಕ್ಯಾಮ್ ಸಿಗ್ನಲ್ ಇಲ್ಲದೆ ಪೇರ್ಡ್ ಕ್ರಮದಲ್ಲಿ ಓಡಿಸುವವರ ಇಂಜಿನ್ನಿನಲ್ಲಿ ಅದೇ ಇಂಧನ ಎರಡು ಕಂತುಗಳಲ್ಲಿ ಬರುವುದರಿಂದ ಡೆಡ್ ಟೈಮನ್ನು ಎರಡು ಸಲ ತೆರಬೇಕಾಗುತ್ತದೆ, ತಪ್ಪೂ ಇಮ್ಮಡಿಯಾಗುತ್ತದೆ.

ಹಾಗಾಗಿ ಇಂಜೆಕ್ಟರುಗಳನ್ನು ಕಾರಿಗೆ ಹಾಕುವ ಮೊದಲು ಹರಿವು ಅಳೆಯುವ ಟೆಸ್ಟ್ ಬೆಂಚಿಗೆ ಒಯ್ದೆ. ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಸುತ್ತಮುತ್ತ ಇಂಜೆಕ್ಟರ್ ಕ್ಲೀನಿಂಗ್ ಮಾಡುವ ಅಂಗಡಿಗಳಿಗೆ ಕೊರತೆಯಿಲ್ಲ. ನಾನು ಹೋದ ಅಂಗಡಿಯ ಹೆಸರು ಇಲ್ಲಿ ಬೇಡ, ಆದರೆ ಸೇವೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು, ಹೊಸ ಓ-ರಿಂಗ್ ಮತ್ತು ಫಿಲ್ಟರ್ ಬುಟ್ಟಿ ಹಾಕಿ, ಸೋರಿಕೆ ಪರೀಕ್ಷಿಸಿ ಕೊಡುವ ಕೆಲಸವನ್ನು ಅವರು ನೀಟಾಗಿ ಮಾಡಿದರು. ಅಂಕಿ ಕೇಳಿದಾಗ ಮಾತ್ರ ಮೇಸ್ತ್ರಿಗೆ ಸ್ವಲ್ಪ ಇರಿಸುಮುರಿಸು. “ಸಾರ್, ನಾಲ್ಕೂ ಒಂದೇ ಲೆವೆಲ್ ಬಂದಿದೆ ನೋಡಿ, ಓಕೆ ಅಂತ ಬರೆದುಕೊಡ್ತೀನಿ. ಇನ್ನೇನು ಅಳೀಬೇಕು?” ಎಂದರು. ಸಾಮಾನ್ಯ ಸರ್ವೀಸಿಗೆ ಅಷ್ಟೇ ಸಾಕು ಎಂಬುದು ನಿಜ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದೂ ಅಷ್ಟನ್ನೇ. ವಿಷಯ ವಿವರಿಸಿದ ಮೇಲೆ ಅವರೇ ಆಸಕ್ತಿಯಿಂದ ಬೆಂಚಿನ ಪಕ್ಕ ನಿಂತು ಅಂಕಿಗಳನ್ನು ಬರೆಸಿದರು.

ಬೆಂಚಿನಲ್ಲಿ ಮಾಡಿದ್ದು ಇಷ್ಟು. ಒತ್ತಡವನ್ನು 3 ಬಾರ್‌ಗೆ ನಿಲ್ಲಿಸಿ ಮೊದಲು ಇಂಜೆಕ್ಟರುಗಳನ್ನು 30 ಸೆಕೆಂಡು ಪೂರ್ತಿ ತೆರೆದಿಟ್ಟೆವು. ತೊಳೆಯುವ ಮೊದಲು ಒಂದು ಗಾಜಿನ ಕೊಳವೆಯಲ್ಲಿ 109 ಮಿಲಿ, ಉಳಿದವುಗಳಲ್ಲಿ 117ರಿಂದ 119; ತೊಳೆದ ಮೇಲೆ ನಾಲ್ಕೂ 119ರಿಂದ 121ರ ಒಳಗೆ ಬಂದವು. ಅಂದರೆ ನಿಮಿಷಕ್ಕೆ 240 ಸಿಸಿ. ಆಮೇಲೆ ಕಾರಿನಲ್ಲಿ ಆಲ್ಟರ್ನೇಟರ್ ಕೊಡುವಷ್ಟೇ ವೋಲ್ಟೇಜು, ಅಂದರೆ 14 ವೋಲ್ಟು, ಕೊಟ್ಟು 3 ಮಿಲಿಸೆಕೆಂಡಿನ ಸಾವಿರ ಪಲ್ಸುಗಳನ್ನು ಓಡಿಸಿದೆವು. ಮೊದಲನೆಯ ಇಂಜೆಕ್ಟರಿನ ಕೊಳವೆಯಲ್ಲಿ 8.4 ಮಿಲಿ ಇಳಿಯಿತು. 6 ಮಿಲಿಸೆಕೆಂಡಿನ ಸಾವಿರ ಪಲ್ಸುಗಳಿಗೆ 20.4 ಮಿಲಿ. ವ್ಯತ್ಯಾಸ 12 ಮಿಲಿ, ಅದಕ್ಕೆ ಹಿಡಿದ ಹೆಚ್ಚುವರಿ ಸಮಯ 3 ಸೆಕೆಂಡು, ಅಂದರೆ ಸೆಕೆಂಡಿಗೆ 4 ಮಿಲಿ, ಪೂರ್ತಿ ತೆರೆದಾಗ ಬಂದ ಅಂಕಿಗೆ ಸರಿಯಾಗಿ ಹೊಂದುತ್ತದೆ. 8.4 ಮಿಲಿ ಹರಿಯಲು ಸೆಕೆಂಡಿಗೆ 4 ಮಿಲಿಯ ವೇಗದಲ್ಲಿ 2.1 ಸೆಕೆಂಡು ಸಾಕು. ನಾವು ಕೊಟ್ಟದ್ದು 3. ಉಳಿದ 0.9 ಸೆಕೆಂಡನ್ನು ಸಾವಿರಕ್ಕೆ ಭಾಗಿಸಿದರೆ ಒಂದು ಪಲ್ಸಿನ ಡೆಡ್ ಟೈಮ್ 0.9 ಮಿಲಿಸೆಕೆಂಡು. ಇದಕ್ಕೆ ಆಸಿಲೋಸ್ಕೋಪು ಬೇಡ, ಲ್ಯಾಬ್ ಬೇಡ. ಎರಡು ಅಳತೆ, ಒಂದು ಕಳೆಯುವ ಲೆಕ್ಕ.

ಎರಡು ಎಚ್ಚರಿಕೆಗಳು. ಬೆಂಚಿನ ದ್ರವ ಪೆಟ್ರೋಲ್ ಅಲ್ಲ, ಬೆಂಕಿಯ ಭಯದಿಂದ ಬೇರೆ ಟೆಸ್ಟ್ ಆಯಿಲ್ ಬಳಸುತ್ತಾರೆ, ಅದರ ಸಾಂದ್ರತೆ ಬೇರೆ. ಆದ್ದರಿಂದ ಫ್ಲೋ ಅಂಕಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದು ಗುಣಾಕಾರದ ತಪ್ಪು, ವಿಇ ಟೇಬಲ್ ಅದನ್ನು ನುಂಗಿಕೊಳ್ಳುತ್ತದೆ. ಎರಡನೆಯದಾಗಿ, ಹೆಚ್ಚಿನ ಬೆಂಚುಗಳು ತಮ್ಮದೇ ಒಂದು ಸ್ಥಿರ ವೋಲ್ಟೇಜಿನಲ್ಲಿ ಇಂಜೆಕ್ಟರುಗಳನ್ನು ನಡೆಸುತ್ತವೆ. ಆ ಅಂಗಡಿಯದೂ ಹಾಗೆಯೇ ಇತ್ತು, ನಾನು ಒಯ್ದ ಪವರ್ ಸಪ್ಲೈಯನ್ನು ಜೋಡಿಸಿಕೊಳ್ಳಲು ಅವರು ಒಪ್ಪಿದ್ದರಿಂದ ಕೆಲಸ ನಡೆಯಿತು. ವೋಲ್ಟೇಜು ಬದಲಾಯಿಸಲಾಗದ ಬೆಂಚಿನಲ್ಲಿ ಅರ್ಧ ಕೆಲಸವಷ್ಟೇ ಆಗುತ್ತದೆ, ಏಕೆಂದರೆ ಡೆಡ್ ಟೈಮ್ ಬ್ಯಾಟರಿಯ ಜೊತೆ ಬದಲಾಗುತ್ತದೆ. ಅದೇ ಇಂಜೆಕ್ಟರು 12 ವೋಲ್ಟಿಗೆ 1.15, 10 ವೋಲ್ಟಿಗೆ 1.45 ಮಿಲಿಸೆಕೆಂಡು ತೋರಿಸಿತು. ಹತ್ತು ವೋಲ್ಟು ಯಾರಿಗೆ ಬೇಕು ಎನ್ನುವಂತಿಲ್ಲ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ಅಲ್ಲಿಗೇ ಇಳಿಯುತ್ತದೆ.

ಈಗ ಸ್ಪೀಡುಯಿನೊ ಈ ಅಂಕಿಗಳನ್ನು ಹೇಗೆ ಸ್ವೀಕರಿಸುತ್ತದೆ ಎಂಬ ವಿಷಯ. ಇಂಜೆಕ್ಟರ್ ಸೆಟ್ಟಿಂಗ್ ಪುಟದಲ್ಲಿ ‘ಓಪನ್ ಟೈಮ್’ ಎಂಬ ಒಂದೇ ಒಂದು ಅಂಕಿ, ಅದರ ಜೊತೆಗೆ ವೋಲ್ಟೇಜಿಗೆ ತಕ್ಕಂತೆ ಶೇಕಡಾವಾರು ತಿದ್ದುಪಡಿಯ ಒಂದು ರೇಖೆ. ಆ ತಿದ್ದುಪಡಿ ಪೂರ್ತಿ ಪಲ್ಸಿಗೆ ಅನ್ವಯಿಸಬೇಕೋ ಓಪನ್ ಟೈಮಿಗೆ ಮಾತ್ರವೋ ಎಂದು ಆರಿಸಿಕೊಳ್ಳುವ ಒಂದು ಆಯ್ಕೆಯೂ ಇದೆ. ಈ ಆಯ್ಕೆಯನ್ನು ನೋಡದೆ ಮುಂದೆ ಹೋಗುವುದು ತೀರಾ ಸುಲಭ. ಪೂರ್ತಿ ಪಲ್ಸಿಗೆ ಅನ್ವಯಿಸಿದರೆ, ಬ್ಯಾಟರಿ ಇಳಿದಾಗ ಉದ್ದ ಪಲ್ಸುಗಳಿಗೆ ಅನಗತ್ಯವಾಗಿ ಹೆಚ್ಚು, ಸಣ್ಣ ಪಲ್ಸುಗಳಿಗೆ ಸಾಲದಷ್ಟು ತಿದ್ದುಪಡಿ ಬೀಳುತ್ತದೆ, ಭೌತಿಕವಾಗಿ ಅದಕ್ಕೆ ಅರ್ಥವೇ ಇಲ್ಲ. ಬೆಂಚಿನಲ್ಲಿ ಅಳೆದ ಅಂಕಿಗಳಿರುವವರು ‘ಓಪನ್ ಟೈಮ್ ಓನ್ಲಿ’ ಎಂಬುದನ್ನೇ ಆರಿಸಬೇಕು.

ನನ್ನ ದೊಡ್ಡ ಆಕ್ಷೇಪಣೆ ಇರುವುದು ಅಂಕಿಯ ಸೂಕ್ಷ್ಮತೆಯ ಬಗ್ಗೆ. ನಾನು ಬಳಸಿದ ಆವೃತ್ತಿಯಲ್ಲಿ ಓಪನ್ ಟೈಮನ್ನು 0.1 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಮಾತ್ರ ಕೊಡಬಹುದು. 0.93 ಎಂದು ಅಳೆದವನು 0.9 ಎಂದೇ ಬರೆಯಬೇಕು, 0.95 ಇದ್ದವನು ಯಾವುದನ್ನು ಬರೆದರೂ 0.05 ತಪ್ಪು, ಐಡ್ಲಿಂಗಿನಲ್ಲಿ ಅದು ಶೇಕಡಾ 3. ಎಂಟು ಬಿಟ್ಟಿನ ಪ್ರೊಸೆಸರಿನ ಮೇಲೆ ಜಾಗ ಉಳಿಸಲು ಹೀಗೆ ಮಾಡಿರುವುದು ಅರ್ಥವಾಗುತ್ತದೆ, ಆದರೂ ಡೆಡ್ ಟೈಮಿನಂಥ ಅಂಕಿಗೆ ಈ ಜಿಪುಣತನ ಸರಿಯಲ್ಲ. ಅದೃಷ್ಟವಶಾತ್ ಇದಕ್ಕೊಂದು ದಾರಿಯಿದೆ. ವೋಲ್ಟೇಜ್ ತಿದ್ದುಪಡಿಯನ್ನು ಒಂದೊಂದು ಶೇಕಡಾದ ಹೆಜ್ಜೆಯಲ್ಲಿ ಕೊಡಬಹುದು, 0.9ರ ಒಂದು ಶೇಕಡಾ ಎಂದರೆ ನೂರರ ಒಂದು ಭಾಗಕ್ಕಿಂತಲೂ ಕಡಿಮೆ ಮಿಲಿಸೆಕೆಂಡು. ನನ್ನ ನಾಲ್ಕು ಇಂಜೆಕ್ಟರುಗಳ ಸರಾಸರಿ 14 ವೋಲ್ಟಿಗೆ 0.93, 12ಕ್ಕೆ 1.18, 10ಕ್ಕೆ 1.48 ಇದ್ದವು, ಓಪನ್ ಟೈಮ್ 0.9 ಎಂದು ಇಟ್ಟು, ತಿದ್ದುಪಡಿ ರೇಖೆಯಲ್ಲಿ ಕ್ರಮವಾಗಿ 103, 131, 164 ಎಂದು ತುಂಬಿದೆ. ಹದಿನಾಲ್ಕು ವೋಲ್ಟಿಗೆ ನೂರು ಇರಲೇಬೇಕೆಂಬ ನಿಯಮವೇನೂ ಇಲ್ಲ.

ಇನ್ನೊಂದು ಕೊರತೆ ಸಣ್ಣ ಪಲ್ಸುಗಳದ್ದು. ಪಲ್ಸ್ ಎರಡು ಮಿಲಿಸೆಕೆಂಡಿಗಿಂತ ಕಡಿಮೆಯಾಗುತ್ತಾ ಹೋದಂತೆ ಸೂಜಿ ಪೂರ್ತಿ ಮೇಲೇಳುವ ಮೊದಲೇ ಕೂರತೊಡಗುತ್ತದೆ, ಸರಳರೇಖೆಯ ಲೆಕ್ಕ ಅಲ್ಲಿ ಬಾಗುತ್ತದೆ. ಮೆಗಾಸ್ಕ್ವರ್ಟ್‌ನ ಮೂರನೇ ತಲೆಮಾರಿನ ಇಸಿಯುವಿನಲ್ಲಿ ಇದಕ್ಕೆಂದೇ ಪ್ರತ್ಯೇಕ ರೇಖೆ ಇದೆ. ನಾನು ಬಳಸಿದ ಸ್ಪೀಡುಯಿನೊದಲ್ಲಿ ಇಲ್ಲ. 240 ಸಿಸಿಯ ಇಂಜೆಕ್ಟರಿಗೆ, ಸೀಕ್ವೆನ್ಷಿಯಲ್ ಕ್ರಮದಲ್ಲಿ ಐಡ್ಲಿಂಗ್ ಪಲ್ಸ್ 2.6ರ ಸುತ್ತ ಇರುವುದರಿಂದ ನನಗೆ ಅದರ ಅಗತ್ಯ ಬೀಳಲಿಲ್ಲ. ಟರ್ಬೊ ಹಾಕಿ ನಿಮಿಷಕ್ಕೆ ಸಾವಿರ ಸಿಸಿಯ ಇಂಜೆಕ್ಟರುಗಳನ್ನು ಸಣ್ಣ ಇಂಜಿನ್ನಿಗೆ ಜೋಡಿಸುವವರು ಈ ಬೋರ್ಡನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು. ನನ್ನ ಇಂಜಿನ್ನಿನ ಗರಿಷ್ಠ ಬೇಡಿಕೆಯಲ್ಲಿ, 6000 ಆರ್‌ಪಿಎಂನಲ್ಲಿ, ಚಕ್ರದ 20 ಮಿಲಿಸೆಕೆಂಡಿನಲ್ಲಿ ಇಂಜೆಕ್ಟರು ಅರ್ಧದಷ್ಟು ಹೊತ್ತು ಮಾತ್ರ ತೆರೆದಿರುತ್ತದೆ. ಎಂಬತ್ತು ಎಂಬತ್ತೈದು ಶೇಕಡಾದ ಮಿತಿಯವರೆಗೆ ಬೇಕಾದಷ್ಟು ಜಾಗವಿದೆ, ದೊಡ್ಡ ಇಂಜೆಕ್ಟರು ಹಾಕುವ ಆಸೆಗೆ ಇಲ್ಲಿ ಕಾರಣವೇ ಇಲ್ಲ.

ಇಂಧನದ ಒತ್ತಡವನ್ನೂ ಮರೆಯುವಂತಿಲ್ಲ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಮ್ಯಾನಿಫೋಲ್ಡಿಗೆ ಜೋಡಿಸಿದ್ದರೆ ಇಂಜೆಕ್ಟರಿನ ಎರಡು ತುದಿಗಳ ನಡುವಿನ ವ್ಯತ್ಯಾಸ ಸದಾ 3 ಬಾರ್ ಇರುತ್ತದೆ. ಹೋಸ್ ಕಳಚಿದ್ದರೆ ಅಥವಾ ಒಡೆದಿದ್ದರೆ, ಬೆಂಗಳೂರಿನ 91 ಕಿಲೊಪಾಸ್ಕಲಿನ ಆಸುಪಾಸಿನ ವಾತಾವರಣದಲ್ಲಿ, ಮ್ಯಾನಿಫೋಲ್ಡ್ 35ಕ್ಕೆ ಇಳಿದಾಗ ವ್ಯತ್ಯಾಸ 3.56 ಬಾರ್ ಆಗಿ ಹರಿವು ಶೇಕಡಾ 9 ಹೆಚ್ಚುತ್ತದೆ. ಬೆಂಚಿನಲ್ಲಿ ನೂರರ ಒಂದು ಭಾಗಕ್ಕಾಗಿ ಪರದಾಡಿ, ಕಾರಿನಲ್ಲಿ ಹತ್ತು ರೂಪಾಯಿಯ ಹೋಸ್ ನೋಡದೆ ಬಿಟ್ಟರೆ ಪ್ರಯೋಜನವಿಲ್ಲ.

ಕಾರಿಗೆ ಹಾಕಿದ ಮೇಲೆ ಪರಿಶೀಲಿಸುವ ವಿಧಾನ ಟ್ಯೂನರ್‌ಸ್ಟುಡಿಯೊದಲ್ಲಿ ಬಹಳ ಸಲೀಸು, ಈ ತಂತ್ರಾಂಶಕ್ಕೆ ಪೂರ್ತಿ ಅಂಕ ಕೊಡಬೇಕಾದ ಜಾಗ ಇದು. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರಿರುವ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ವೈಡ್‌ಬ್ಯಾಂಡ್ ಕಂಟ್ರೋಲರನ್ನು ಇಸಿಯುಗೆ ಜೋಡಿಸಿ, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನದ ಅನುಪಾತ ಬೇಕಾದದ್ದರ ಎಷ್ಟು ಪಟ್ಟು ಇದೆ ಎಂಬ ಅಂಕಿ, ಸರಿಯಿದ್ದರೆ 1) ತಿದ್ದುಪಡಿಯನ್ನು ಆಫ್ ಮಾಡಿ ನೋಡುತ್ತಾ ಕೂರಬೇಕು. ಹೆಡ್‌ಲೈಟು, ಬ್ಲೋವರು, ಹಿಂದಿನ ಗಾಜಿನ ಹೀಟರು ಎಲ್ಲವನ್ನೂ ಹಾಕಿದಾಗ ವೋಲ್ಟೇಜು ಇಳಿಯುತ್ತದೆ. ಗ್ರಾಫಿನಲ್ಲಿ ವೋಲ್ಟೇಜಿನ ಗೆರೆ ಕುಸಿದರೂ ಲ್ಯಾಂಬ್ಡಾದ ಗೆರೆ ಮಿಸುಕದಿದ್ದರೆ ತಿದ್ದುಪಡಿ ರೇಖೆ ಸರಿಯಿದೆ ಎಂದರ್ಥ. ಎರಡನೆಯ ಪರೀಕ್ಷೆ ಇನ್ನೂ ಕಟ್ಟುನಿಟ್ಟಾದದ್ದು: ಡೈನೊ (ಕಾರನ್ನು ನಿಂತಲ್ಲೇ ಲೋಡ್ ಕೊಟ್ಟು ಓಡಿಸುವ ಯಂತ್ರ) ಮೇಲೆ ಹಗುರ ಲೋಡಿನಲ್ಲಿ ಒಂದೇ ಆರ್‌ಪಿಎಂ ಹಿಡಿದು ಲ್ಯಾಂಬ್ಡಾ ಬರೆದುಕೊಳ್ಳುವುದು, ಇಂಜಿನ್ ನಿಲ್ಲಿಸಿ ಸೀಕ್ವೆನ್ಷಿಯಲ್‌ನಿಂದ ಪೇರ್ಡ್ ಕ್ರಮಕ್ಕೆ ಬದಲಾಯಿಸುವುದು, ಅದೇ ಜಾಗದಲ್ಲಿ ಮತ್ತೆ ನೋಡುವುದು. ಪಲ್ಸುಗಳ ಸಂಖ್ಯೆ ಇಮ್ಮಡಿಯಾದಾಗ ಮಿಶ್ರಣ ರಿಚ್ ಆದರೆ (ಇಂಧನ ಹೆಚ್ಚಾದರೆ) ನೀವು ಕೊಟ್ಟ ಡೆಡ್ ಟೈಮ್ ಹೆಚ್ಚಾಯಿತು, ಲೀನ್ ಆದರೆ (ಇಂಧನ ಸಾಲದಿದ್ದರೆ) ಕಡಿಮೆಯಾಯಿತು. ನನ್ನ ಬೆಂಚಿನ ಅಂಕಿಗಳು ಈ ಪರೀಕ್ಷೆಯಲ್ಲಿ ನಿಂತವು. ಅದೇ ಓಪನ್ ಟೈಮಿಗೆ ಹಲವರು ಕಣ್ಣುಮುಚ್ಚಿ ಬರೆಯುವ 1.0 ಹಾಕಿ ತಿದ್ದುಪಡಿಯನ್ನು ನೂರಕ್ಕೆ ಇಟ್ಟಾಗ ಪೇರ್ಡ್ ಕ್ರಮದಲ್ಲಿ ಮಿಶ್ರಣ ಎದ್ದು ಕಾಣುವಷ್ಟು ರಿಚ್ ಆಯಿತು.

ಆಟೊಟ್ಯೂನ್, ಅಂದರೆ ‘ವಿಇ ಅನಲೈಸ್ ಲೈವ್’, ಹಣ ಕೊಟ್ಟು ನೋಂದಾಯಿಸಿದ ಟ್ಯೂನರ್‌ಸ್ಟುಡಿಯೊದಲ್ಲಿ ಮಾತ್ರ ಸಿಗುತ್ತದೆ. ಕೊಡುವ ಹಣಕ್ಕೆ ಅದು ಯೋಗ್ಯವೇ ಎಂದರೆ ನಿಸ್ಸಂದೇಹವಾಗಿ ಹೌದು. ಆದರೆ ಅದನ್ನು ಯಾವಾಗ ಶುರು ಮಾಡುತ್ತೀರಿ ಎಂಬುದು ಮುಖ್ಯ. ಇಂಜೆಕ್ಟರ್ ಅಂಕಿಗಳನ್ನು ಬೇಕೆಂದೇ ತಪ್ಪಾಗಿಟ್ಟು ಅದನ್ನು ಓಡಿಸಿ ನೋಡಿದೆ: ಗೇಜಿನಲ್ಲಿ ಎಲ್ಲವೂ ಸರಿಯಾಗಿ ಕಂಡಿತು, ಆದರೆ ಟೇಬಲಿನ ಕೆಳಗಿನ ಎಡಮೂಲೆ, ಅಂದರೆ ಕಡಿಮೆ ಲೋಡಿನ ಭಾಗ, ಯಾವ ಇಂಜಿನ್ನಿಗೂ ಸಹಜವಲ್ಲದ ಹಾಗೆ ತಗ್ಗಿಹೋಗಿತ್ತು. ಅಂಥ ಟೇಬಲು ಅವತ್ತಿನ ವೋಲ್ಟೇಜಿಗೆ ಮಾತ್ರ ಸರಿ. ಬೆಳಿಗ್ಗೆ ತಣ್ಣಗಿನ ಇಂಜಿನ್ನನ್ನು ಸ್ಟಾರ್ಟ್ ಮಾಡಿದಾಗ, ಆಲ್ಟರ್ನೇಟರ್ ಬೆಲ್ಟ್ ಸಡಿಲವಾದಾಗ ಅದು ಕೈಕೊಡುತ್ತದೆ. ಆಗ ಟ್ಯೂನರ್ ಕೋಲ್ಡ್ ಸ್ಟಾರ್ಟ್ ಟೇಬಲನ್ನು ಕೆದಕಲು ಶುರು ಮಾಡುತ್ತಾನೆ, ಅಲ್ಲಿಂದಾಚೆಗೆ ಬಿಡಿಸಲಾಗದ ಗೋಜಲು. ಅಳೆದ ಅಂಕಿಗಳೊಂದಿಗೆ ಮತ್ತೆ ಓಡಿಸಿದಾಗ ಅದೇ ಮೂಲೆ ಪಕ್ಕದ ಚೌಕಗಳ ಜೊತೆ ಸರಾಗವಾಗಿ ಕೂಡಿಕೊಂಡಿತು.

ಕೊನೆಯದಾಗಿ ಇಂಧನದ ಅನುಪಾತ, ಇದು ನಮ್ಮ ಬಳಕೆದಾರರಿಗೆ ವಿಶೇಷವಾಗಿ ಹೇಳಬೇಕಾದದ್ದು. ಕ್ಯಾಲ್ಕ್ಯುಲೇಟರಿನಲ್ಲಿ ಎಲ್ಲರೂ ಬರೆಯುವ 14.7 ಎಥನಾಲ್ ಇಲ್ಲದ ಪೆಟ್ರೋಲಿನದ್ದು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಬಿಡುಗಡೆಯಾದ ಮೇಲೆ ನಮ್ಮ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಇರುವ ಪೆಟ್ರೋಲು ಹಂತಹಂತವಾಗಿ ಸಾಮಾನ್ಯವಾಯಿತು. ಎಥನಾಲಿಗೆ ಬೇಕಾದ ಅನುಪಾತ 9. ತೂಕದ ಲೆಕ್ಕದಲ್ಲಿ ಮಿಶ್ರ ಮಾಡಿದರೆ ಇ20ಕ್ಕೆ ಸುಮಾರು 13.5 ಬರುತ್ತದೆ. ಅದನ್ನು ಹಾಕಿದಾಗ ನನ್ನ ರಿಕ್ವೈರ್ಡ್ ಫ್ಯೂಯಲ್ 9ರ ಬದಲು 9.8ರ ಹತ್ತಿರ ಬಂದಿತು. ಇಲ್ಲೊಂದು ಗೊಂದಲವಿದೆ: ಪೆಟ್ರೋಲ್ ಮಾಪಕದ ವೈಡ್‌ಬ್ಯಾಂಡ್ ಗೇಜು ಲ್ಯಾಂಬ್ಡಾ ಒಂದನ್ನು ಯಾವ ಇಂಧನದಲ್ಲಾದರೂ 14.7 ಎಂದೇ ತೋರಿಸುತ್ತದೆ, ಏಕೆಂದರೆ ಸೆನ್ಸರಿಗೆ ಇಂಧನದ ಹೆಸರು ಗೊತ್ತಿಲ್ಲ, ಉಳಿದ ಆಮ್ಲಜನಕವಷ್ಟೇ ಗೊತ್ತು. ಇಸಿಯುಗೆ 13.5 ಎಂದು ಹೇಳಿ, ಗೇಜಿನ 14.7ನ್ನು ಗುರಿಯಾಗಿಟ್ಟುಕೊಂಡರೆ ತಲೆ ಕೆಡುತ್ತದೆ. ಟ್ಯೂನರ್‌ಸ್ಟುಡಿಯೊದಲ್ಲಿ ಗೇಜನ್ನು ಲ್ಯಾಂಬ್ಡಾದಲ್ಲಿ ತೋರಿಸಲು ಅವಕಾಶವಿದೆ, ಮೊದಲ ದಿನದಿಂದಲೇ ಹಾಗೆ ಇಟ್ಟುಕೊಳ್ಳುವುದು ಕ್ಷೇಮ.

ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ ಹಣಕ್ಕೆ ಆಗುವ ಬೆಂಚಿನ ಕೆಲಸವನ್ನು ಮೊದಲು ಮುಗಿಸಲು ಸಿದ್ಧರಿರುವವರಿಗೆ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಇಂಜಿನ್ನಿಗೆ, ಸ್ಪೀಡುಯಿನೊ ಮತ್ತು ನೋಂದಾಯಿತ ಟ್ಯೂನರ್‌ಸ್ಟುಡಿಯೊ ಜೋಡಿಯನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ದೊಡ್ಡ ಇಂಜೆಕ್ಟರಿನ ಟರ್ಬೊ ಕಾರುಗಳಿಗೆ ಸಣ್ಣ ಪಲ್ಸಿನ ರೇಖೆ ಇರುವ ಇಸಿಯುವನ್ನೇ ಹುಡುಕಿಕೊಳ್ಳಿ. ಮೇಸ್ತ್ರಿ ‘ಓಕೆ’ ಎಂದು ಬರೆದುಕೊಟ್ಟ ಚೀಟಿಯನ್ನು ಮಾತ್ರ ಹಾಗೇ ತೆಗೆದುಕೊಳ್ಳಬೇಡಿ. ಅದರ ಹಿಂಬದಿಯಲ್ಲಿ ಮೂರು ವೋಲ್ಟೇಜುಗಳಿಗೂ ಮಿಲಿ ಅಂಕಿಗಳನ್ನು ಬರೆಸಿಕೊಂಡು ಬನ್ನಿ.